ಕಣ್ಣು ಹಾಯಿಸುವ ಓದು, ಹುಡುಕಿ ಹಿಡಿಯುವ ಓದು

ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಗುಡಿ ಎಷ್ಟು ಪ್ರಸಿದ್ಧವೋ ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆಯೂ ಅಷ್ಟೇ ಪ್ರಸಿದ್ಧ. ಎತ್ತು ಕೊಳ್ಳಲು ಬಂದ ರೈತ ಮೊದಲು ಸಾಲುಗಳ ನಡುವೆ ಸುಮ್ಮನೆ ನಡೆದು ಹೋಗುತ್ತಾನೆ. ಯಾವುದರ ಮುಂದೆಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೈಕಟ್ಟು, ಎತ್ತರ, ಜೋಡಿಯ ಹೊಂದಾಣಿಕೆ ಇಷ್ಟನ್ನು ನೋಡುತ್ತ ಸಾಗುತ್ತಾನೆ. ಒಂದು ಜೋಡಿ ಮನಸ್ಸಿಗೆ ಬಂದ ಮೇಲೆ ಹತ್ತಿರ ಹೋಗಿ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ಎಲ್ಲಿದೆ ಎಂದು ಹುಡುಕುತ್ತಾನೆ. ಆಮೇಲೆ ನಡೆಸಿ ನೋಡಿ, ಸಾವಕಾಶವಾಗಿ ವ್ಯಾಪಾರಕ್ಕೆ ಕೂರುತ್ತಾನೆ. ನೋಡುವವನು ಒಬ್ಬನೇ ಆದರೂ ನೋಟ ಮೂರು ಬಗೆಯದು.

ಪುಸ್ತಕದ ಓದಿನಲ್ಲೂ ಇಂಥದೇ ಭೇದಗಳಿವೆ. ಇಡೀ ಬರಹದ ಮೇಲೆ ಬೇಗನೆ ಕಣ್ಣು ಹಾಯಿಸಿ ಇದು ಯಾವುದನ್ನು ಕುರಿತದ್ದು ಎಂದು ತಿಳಿಯುವುದು ಒಂದು ಬಗೆ. ಶಿಕ್ಷಣ ಶಾಸ್ತ್ರದಲ್ಲಿ ಇದಕ್ಕೆ ‘ಸ್ಕಿಮಿಂಗ್’ ಎಂದು ಹೆಸರು. ಬೇಕಾದ ಒಂದು ಹೆಸರನ್ನೋ ಇಸವಿಯನ್ನೋ ಅಂಕಿಯನ್ನೋ ಹುಡುಕಿ ಹಿಡಿಯುವುದು ಇನ್ನೊಂದು ಬಗೆ, ಅದು ‘ಸ್ಕ್ಯಾನಿಂಗ್’. ಮೊದಲನೆಯದರಲ್ಲಿ ಏನು ಸಿಗುತ್ತದೆಂಬುದು ಓದುಗನಿಗೆ ಗೊತ್ತಿರುವುದಿಲ್ಲ. ಎರಡನೆಯದರಲ್ಲಿ ಏನು ಬೇಕೆಂಬುದು ಗೊತ್ತಿರುತ್ತದೆ, ಅದು ಎಲ್ಲಿದೆ ಎಂಬುದಷ್ಟೇ ತಿಳಿಯಬೇಕು. ಇವೆರಡರ ಬೆನ್ನಿಗೆ ಸಾಲು ಸಾಲನ್ನೂ ಬಿಡದೆ ಅರ್ಥಮಾಡಿಕೊಳ್ಳುವ ಸಾವಧಾನದ ಓದು ಇದ್ದೇ ಇದೆ.

ನಮ್ಮ ಮಕ್ಕಳಿಗೆ ಮೊದಲೆರಡು ಬಗೆಗಳ ಹೆಸರು ಪರಿಚಯವಾಗುವುದು ಹೆಚ್ಚಾಗಿ ಇಂಗ್ಲಿಷ್ ಪಾಠದ ಅಭ್ಯಾಸಗಳಲ್ಲಿ. ಆದ್ದರಿಂದ ಇವು ಹೊರಗಿನಿಂದ ಬಂದ ಕೌಶಲಗಳು, ಕನ್ನಡ ಓದಿಗೆ ಸಂಬಂಧಪಟ್ಟವಲ್ಲ ಎಂಬ ಭಾವನೆ ಬೆಳೆದಿದೆ. ಓದಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಬೇಗ ಓದುವ ಅಭ್ಯಾಸ ಬೆಳೆಯುವುದು ಪುಟದ ರೂಪ ಬದಲಾದಾಗ. ಕನ್ನಡದ ಪುಟ ಬದಲಾಗತೊಡಗಿ ಸುಮಾರು ಎರಡು ಶತಮಾನಗಳಾಗಿವೆ. ತರಗತಿಯ ಓದು ಬದಲಾಗತೊಡಗಿದ್ದು ಬಹಳ ತಡವಾಗಿ. ಆ ಬದಲಾವಣೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಚುಂಚನಕಟ್ಟೆ ಇರುವ ಮೈಸೂರು ಜಿಲ್ಲೆಯಲ್ಲೇ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ.

ಕಿವಿಗಾಗಿ ಇದ್ದ ಓದು

ತಾಳೆಗರಿಯ ಕಾಲದಲ್ಲಿ ಓದು ಎಂದರೆ ಕಿವಿಗೆ ಕೇಳಿಸುವ ಕೆಲಸ. ಕುಮಾರವ್ಯಾಸ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಊರು ಕುಳಿತು ಕೇಳುತ್ತಿತ್ತು. ಅಕ್ಷರ ಬಾರದವರೂ ಕಾವ್ಯ ಬಲ್ಲವರಾಗಿರುತ್ತಿದ್ದುದು ಹೀಗೆ. ಕನ್ನಡಿಗರ ಈ ಗುಣವನ್ನು 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಮೆಚ್ಚಿ ಹೇಳಿದೆ.

ಗರಿಯ ಬರವಣಿಗೆಯೂ ಇಂಥ ಓದಿಗೆ ತಕ್ಕಂತೆಯೇ ಇತ್ತು. ಪದ ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಕ್ಷರಗಳ ಒಂದೇ ಸಾಲು. ಪದ್ಯ ಮುಗಿದಾಗ ಗೀಟಿನ ಗುರುತು. ಎಲ್ಲಿ ಪದ ಮುರಿಯಬೇಕೆಂದು ತಿಳಿಯಲು ಬಾಯಿ ಬಿಟ್ಟು ಓದುವುದೇ ದಾರಿ. ಛಂದಸ್ಸು ಓದುಗನಿಗೆ ಕೈಹಿಡಿದು ನೆರವಾಗುತ್ತಿತ್ತು. ಅಂಥ ಗರಿಯ ಮೇಲೆ ಒಂದು ಹೆಸರನ್ನು ಹುಡುಕುವುದು ಬಲ್ಲವರಿಗೂ ಕಷ್ಟದ ಕೆಲಸ.

ಇದು ನಮ್ಮ ನಾಡಿನ ಕೊರತೆಯೇನೂ ಆಗಿರಲಿಲ್ಲ. ಯೂರೋಪಿನ ಹಳೆಯ ಲ್ಯಾಟಿನ್ ಹಸ್ತಪ್ರತಿಗಳೂ ಹೀಗೆಯೇ ಇದ್ದವು. 7 ಮತ್ತು 8ನೆಯ ಶತಮಾನಗಳಲ್ಲಿ ಐರ್ಲೆಂಡಿನ ಸನ್ಯಾಸಿಗಳು ಪದಗಳ ನಡುವೆ ಜಾಗ ಬಿಡತೊಡಗಿದರು. ಲ್ಯಾಟಿನ್ ಅವರ ಮಾತೃಭಾಷೆಯಲ್ಲ. ಪದ ಎಲ್ಲಿ ಮುಗಿಯುತ್ತದೆಂಬುದು ಕಣ್ಣಿಗೆ ಕಾಣದಿದ್ದರೆ ಅವರಿಗೆ ಓದುವುದು ಕಷ್ಟವಾಗುತ್ತಿತ್ತು. ಮುಂದೆ 13ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಪಾದ್ರಿಗಳು ಬೈಬಲ್ಲಿನ ಪದಗಳಿಗೆ ಅಕಾರಾದಿಯ ಸೂಚಿಯನ್ನು ಸಿದ್ಧಪಡಿಸಿದರು. ಹುಡುಕುವ ಓದಿಗೆ ಬೇಕಾದ ಸಲಕರಣೆಗಳು ಹೀಗೆ ಒಂದೊಂದಾಗಿ ಹುಟ್ಟಿದವು.

ಕನ್ನಡದಲ್ಲಿಯೂ ಹುಡುಕುವ ಅಗತ್ಯ ಇದ್ದೇ ಇತ್ತು. ಪಂಚಾಂಗವೆಂಬುದು ಮೊದಲಿನಿಂದ ಕೊನೆಯವರೆಗೆ ಓದುವ ಪುಸ್ತಕವಲ್ಲ. ಬೇಕಾದ ದಿನದ ತಿಥಿ, ನಕ್ಷತ್ರಗಳನ್ನು ಹೆಕ್ಕಿ ನೋಡುವಂಥದು. ಶಾನುಭೋಗರ ಮತ್ತು ವರ್ತಕರ ಕಡತಗಳೂ ಹಾಗೆಯೇ. ಹುಣಿಸೇ ಬೀಜದ ಅಂಟಿನೊಡನೆ ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳಲ್ಲಿ ಬಳಪದಿಂದ ಬರೆದ ಲೆಕ್ಕವನ್ನು ಬೇಕಾದಾಗ ಬಿಡಿಸಿ ಹುಡುಕುತ್ತಿದ್ದರು. ಈ ಸೀಮೆಯವನೇ ಆದ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದ. ಹಿಟ್ಟಿನ ತಿನಿಸು, ಪಾನಕ, ಅನ್ನ, ತರಕಾರಿ ಎಂದು ಅಡುಗೆಯ ಬಗೆಗೆ ತಕ್ಕಂತೆ ಅದರಲ್ಲಿ ಅಧ್ಯಾಯಗಳಿವೆ. ಪದ್ಯದಲ್ಲಿದ್ದರೂ ಬೇಕಾದ ಕಡೆಗೆ ಹೋಗುವ ಅನುಕೂಲ ಅಲ್ಲಿದೆ. ಅಷ್ಟಾದರೂ ಇವೆಲ್ಲ ಕೆಲವೇ ಜನರ ಕೈಯಲ್ಲಿದ್ದ ವಿದ್ಯೆ.

ಊರಿನ ಮಕ್ಕಳು ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ಮರಳ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಹೇಳುವುದು, ಅಮರಕೋಶ ಮತ್ತು ಜೈಮಿನಿ ಭಾರತದ ಪದ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದು ಅಲ್ಲಿನ ಕ್ರಮ. ನಿಘಂಟುಗಳನ್ನು ಸಹ ಪದ್ಯದಲ್ಲೇ ಬರೆದಿದ್ದರು. ಎರಡನೆಯ ನಾಗವರ್ಮನ ‘ಅಭಿಧಾನವಸ್ತುಕೋಶ’ವಾಗಲಿ 1398ರ ಮಂಗರಾಜನ ನಿಘಂಟಾಗಲಿ ತಲೆಯಲ್ಲಿ ಇಟ್ಟುಕೊಳ್ಳಲೆಂದು ರಚಿತವಾದವು. ಪುಸ್ತಕ ಅಪರೂಪವಾಗಿದ್ದ ಕಾಲಕ್ಕೆ ಇದು ಸರಿಯಾದ ಏರ್ಪಾಡು. ಹುಡುಕಬೇಕಾದದ್ದು ಪುಟದಲ್ಲಲ್ಲ, ನೆನಪಿನಲ್ಲಿ.

ಅಚ್ಚು ತಂದ ಅಂತರ

19ನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದಾಗ ಕನ್ನಡದ ಪುಟ ಬೇರೆಯಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಪತ್ರಿಕೆಯೆಂಬುದು ಓದುಗನಿಗೆ ಒಂದು ಹೊಸ ಸ್ವಾತಂತ್ರ್ಯವನ್ನು ತಂದುಕೊಟ್ಟಿತು. ಪುರಾಣವನ್ನು ನಡುವೆ ಬಿಟ್ಟು ಏಳಬಾರದೆಂಬ ಕಟ್ಟಳೆ ಇತ್ತು. ಪತ್ರಿಕೆಯಲ್ಲಿ ಬೇಡದ ಸುದ್ದಿಯನ್ನು ದಾಟಿ ಬೇಕಾದ ಸುದ್ದಿಗೆ ಹೋಗಬಹುದಿತ್ತು. ತಲೆಬರಹ, ಅಂಕಣ, ಪ್ಯಾರಾ ಇವು ಮುಂದೆ ಆ ಕೆಲಸವನ್ನು ಇನ್ನಷ್ಟು ಸುಲಭ ಮಾಡಿದವು.

ನಿಘಂಟು ಕೂಡ ಬಾಯಿಂದ ಪುಟಕ್ಕೆ ಇಳಿಯಿತು. ವಿಲಿಯಂ ರೀವ್ ಅವರ ಕೋಶಗಳ ನಂತರ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಪದಗಳ ಆ ಗ್ರಂಥವನ್ನು ಬಾಯಿಪಾಠ ಮಾಡುವುದು ಯಾರಿಂದಲೂ ಆಗದು, ಮಾಡಬೇಕಾಗಿಯೂ ಇಲ್ಲ. ಅಕಾರಾದಿಯ ಕ್ರಮ ಗೊತ್ತಿದ್ದವನಿಗೆ ಬೇಕಾದ ಪದ ಅರೆಗಳಿಗೆಯಲ್ಲಿ ಸಿಗುತ್ತದೆ.

1898ರಲ್ಲಿ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟ ಪ್ರಕಟವಾಯಿತು. ಎಡತೊರೆ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಎಡತೊರೆ ಎಂಬುದು ಇಂದಿನ ಕೆ.ಆರ್. ನಗರ ಸೀಮೆಯ ಹಳೆಯ ಹೆಸರು. ಚಿಕ್ಕಹನಸೋಗೆಯ ಜೈನ ಬಸದಿಯ ಶಾಸನಗಳನ್ನು ಓದಬೇಕಾದವರು ಅದುವರೆಗೆ ಕಲ್ಲಿನ ಮುಂದೆಯೇ ನಿಂತು ಅಕ್ಷರ ಅಕ್ಷರವನ್ನೂ ಬಿಡಿಸಬೇಕಾಗಿತ್ತು. ಸಂಪುಟದಲ್ಲಿ ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ ಬಂದವು. ನೂರಾರು ಕಲ್ಲುಗಳಲ್ಲಿ ಚದುರಿದ್ದ ಮಾಹಿತಿ ಮೇಜಿನ ಮೇಲೆ ಹುಡುಕಿ ಹಿಡಿಯುವಂತಾಯಿತು. ಸಾವಧಾನದ ಓದು ಅಲ್ಲಿಗೆ ಕೊನೆಗೊಳ್ಳಲಿಲ್ಲ. ಎಲ್ಲಿ ಸಾವಧಾನವಾಗಿ ಓದಬೇಕು ಎಂದು ತಿಳಿಯುವ ದಾರಿ ಸಿಕ್ಕಿತು.

ಇದೇ ಕಾಲದಲ್ಲಿ ಪಶ್ಚಿಮದಲ್ಲಿ ಓದುವ ಕಣ್ಣನ್ನೇ ಪರೀಕ್ಷಿಸುವ ಕೆಲಸ ಶುರುವಾಗಿತ್ತು. ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ, ಸಣ್ಣ ಸಣ್ಣ ನೆಗೆತಗಳಲ್ಲಿ ಸಾಗಿ ನಡುನಡುವೆ ನಿಲ್ಲುತ್ತದೆ ಎಂಬುದು 1870ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಕಣ್ಣಿನ ವೈದ್ಯ ಎಮಿಲ್ ಜಾವಲ್ ಅವರ ಬರಹಗಳಿಂದ ಪ್ರಚಾರಕ್ಕೆ ಬಂತು. ಮೌನವಾಗಿ ಓದುವಾಗ ಕಣ್ಣು ನಾಲಿಗೆಗಾಗಿ ಕಾಯಬೇಕಿಲ್ಲ. ನಮ್ಮ ಶಿಕ್ಷಕರ ತರಬೇತಿಯ ಪಾಠಯೋಜನೆಗಳಲ್ಲೂ ಆದರ್ಶ ವಾಚನ, ವ್ಯಕ್ತಿ ವಾಚನಗಳ ಜೊತೆಗೆ ‘ಮೌನ ವಾಚನ’ ಎಂಬುದು ಸೇರಿತು. ಆದರೆ ತರಗತಿಯಲ್ಲಿ ಬಹುಕಾಲ ಉಳಿದದ್ದು ಮೇಷ್ಟರು ಓದಿದ್ದನ್ನು ಮಕ್ಕಳೆಲ್ಲ ಒಕ್ಕೊರಲಿನಿಂದ ತಿರುಗಿ ಹೇಳುವ ಪದ್ಧತಿ. ಕೂಲಿಮಠದ ಕಿವಿಯ ಓದು ಅಚ್ಚಿನ ಪುಸ್ತಕದ ಎದುರಿಗೂ ಮುಂದುವರಿಯಿತು.

ಕೋಟೆಯ ಕಲಿಕೆಯ ಏಣಿ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ ‘ನಲಿ–ಕಲಿ’ ಆರಂಭವಾಯಿತು. ಕಾಡಂಚಿನ ಹಾಡಿಗಳು, ಒಂದಿಬ್ಬರು ಶಿಕ್ಷಕರೇ ಎಲ್ಲ ತರಗತಿಗಳನ್ನೂ ನೋಡಿಕೊಳ್ಳಬೇಕಾದ ಶಾಲೆಗಳು, ನಡುವೆಯೇ ಬಿಟ್ಟುಹೋಗುವ ಮಕ್ಕಳು ಇದ್ದ ತಾಲ್ಲೂಕು ಅದು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿ ಇರುವ ಋಷಿವ್ಯಾಲಿಗೆ ಹೋಗಿ, ಅದರ ಹಳ್ಳಿಶಾಲೆಗಳ ಕ್ರಮವನ್ನು ನೋಡಿ ಬಂದು, ಕನ್ನಡಕ್ಕೆ ಒಪ್ಪುವ ಕಲಿಕೆಯ ಕಾರ್ಡುಗಳನ್ನು ತಾವೇ ತಯಾರಿಸಿದರು.

ನಲಿ–ಕಲಿಯಲ್ಲಿ ಮಗು ಅ, ಆ, ಇ, ಈ ಎಂದು ವರ್ಣಮಾಲೆಯನ್ನು ಒಪ್ಪಿಸಿ ಮುಗಿಸಿದ ಮೇಲೆ ಪದಕ್ಕೆ ಬರುವುದಲ್ಲ. ಮೊದಲ ಗುಂಪಿನಲ್ಲಿ ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಇಡೀ ಪದಗಳು ಆಗುತ್ತವೆ. ಓದಿದ್ದಕ್ಕೆ ಅರ್ಥವಿದೆ ಎಂಬುದು ಮಗುವಿಗೆ ಮೊದಲ ವಾರಗಳಲ್ಲೇ ತಿಳಿಯುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗೋಡೆಯ ಮೇಲೆ ‘ಕಲಿಕಾ ಏಣಿ’ ಇರುತ್ತದೆ. ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಸಂಖ್ಯೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಏಣಿಯಲ್ಲಿ ಹುಡುಕಿ, ಅದೇ ಗುರುತು, ಅದೇ ಸಂಖ್ಯೆಯ ಕಾರ್ಡನ್ನು ತಾನೇ ಆರಿಸಿ ತಂದು, ತಾನು ಕೂರಬೇಕಾದ ಗುಂಪಿಗೆ ಹೋಗುತ್ತದೆ. ಅಕ್ಷರಗಳೆಲ್ಲ ಬರುವುದಕ್ಕೆ ಮುಂಚೆಯೇ ಹುಡುಕಿ ಹಿಡಿಯುವ ಓದಿನ ಅಭ್ಯಾಸ ದಿನವೂ ನಡೆಯುತ್ತದೆ. ಇಡೀ ತರಗತಿ ಒಂದೇ ಸಾಲನ್ನು ಒಟ್ಟಿಗೆ ಕೂಗುವ ಪದ್ಧತಿಗೆ ಇಲ್ಲಿ ಜಾಗವಿಲ್ಲ. ಏಕೆಂದರೆ ಒಬ್ಬೊಬ್ಬರ ಕೈಯಲ್ಲೂ ಇರುವುದು ಬೇರೆ ಬೇರೆ ಕಾರ್ಡು.

ಕೋಟೆಯ ಪ್ರಯೋಗ ಕ್ರಮೇಣ ಬೇರೆ ಕಡೆಗೂ ಹರಡಿ, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೂ ನಂತರ ಮೂರನೆಯ ತರಗತಿಗೂ ವಿಸ್ತರಿಸಿತು. ತೊಡಕು ಇರುವುದು ಅದರ ಮುಂದೆ. ನಾಲ್ಕನೆಯ ತರಗತಿಗೆ ಬಂದ ಮಗುವಿನ ಕೈಗೆ ಪಠ್ಯಪುಸ್ತಕ ಬರುತ್ತದೆ. ಪಾಠಗಳು ಒಮ್ಮೆಲೇ ಉದ್ದವಾಗುತ್ತವೆ. ಕೊನೆಯಲ್ಲಿ ಬಿಟ್ಟ ಸ್ಥಳ ತುಂಬಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ, ಯಾರು ಯಾರಿಗೆ ಹೇಳಿದರು ಎಂಬ ಪ್ರಶ್ನೆಗಳು. ಉತ್ತರವನ್ನು ಪಾಠದಲ್ಲಿ ಹುಡುಕುವುದು ಹೇಗೆಂದು ಕಲಿಸುವ ಬದಲು ಉತ್ತರವನ್ನೇ ಕರಿಹಲಗೆಯ ಮೇಲೆ ಬರೆದುಕೊಟ್ಟರೆ, ಮೂರು ವರ್ಷ ತಾನೇ ಹುಡುಕಿ ಕಲಿತ ಮಗು ಮತ್ತೆ ಬಾಯಿಪಾಠಕ್ಕೆ ಮರಳುತ್ತದೆ.

ಕನ್ನಡದ ಸಾಲಿಗೆ ಕನ್ನಡದ ದಾರಿ

ಈ ಅಭ್ಯಾಸವನ್ನು ಮೇಲಿನ ತರಗತಿಗಳಲ್ಲಿ ಮುಂದುವರಿಸಬೇಕಾದರೆ ಇಂಗ್ಲಿಷ್ ಪಾಠದ ಸೂಚನೆಗಳನ್ನು ಹಾಗೆಯೇ ತೆಗೆದುಕೊಂಡರೆ ಸಾಲದು. ಇಂಗ್ಲಿಷಿನಲ್ಲಿ ವ್ಯಕ್ತಿಯ ಅಥವಾ ಊರಿನ ಹೆಸರು ಬೇಕಾದರೆ ದೊಡ್ಡಕ್ಷರವನ್ನು ಹುಡುಕು ಎಂದು ಹೇಳಿಕೊಡುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹೆಸರೂ ಉಳಿದ ಪದಗಳಂತೆಯೇ ಕಾಣುತ್ತದೆ.

ಹುಡುಕುವ ಪದ ಇದ್ದ ಹಾಗೆಯೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಪ್ರಶ್ನೆಯಲ್ಲಿ ‘ಕಾವೇರಿ’ ಎಂದಿದ್ದರೆ ಪಾಠದಲ್ಲಿ ಕಾವೇರಿಯ, ಕಾವೇರಿಗೆ, ಕಾವೇರಿಯಿಂದ ಎಂದಿರಬಹುದು. ‘ಮರ’ ಎಂಬುದು ‘ಮರದಡಿ’ಯಲ್ಲಿ, ‘ಕಣ್ಣು’ ಎಂಬುದು ‘ಕಣ್ಣಾಡಿಸು’ವಿನಲ್ಲಿ ಅಡಗಿರುತ್ತದೆ. ಆದ್ದರಿಂದ ಕನ್ನಡ ಮಗು ಹುಡುಕಬೇಕಾದ್ದು ಇಡೀ ಪದವನ್ನಲ್ಲ, ಪದದ ತಲೆಯನ್ನು. ಪ್ರತ್ಯಯ, ಸಂಧಿಗಳ ಪಾಠ ಬರೀ ವ್ಯಾಕರಣದ ಪರೀಕ್ಷೆಗಲ್ಲ, ಓದುವ ಕಣ್ಣಿಗೂ ಬೇಕು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಾಕ್ಯದ ಕೊನೆ. ಇಂಗ್ಲಿಷ್ ವಾಕ್ಯದಲ್ಲಿ ‘ಇಲ್ಲ’, ‘ಬೇಡ’ ಎಂಬ ನಿಷೇಧ ಸಾಮಾನ್ಯವಾಗಿ ಮೊದಲ ಭಾಗದಲ್ಲೇ ಬಂದುಬಿಡುತ್ತದೆ. ಕನ್ನಡದಲ್ಲಿ ಅದು ಕೊನೆಯ ಪದದ ಬಾಲದಲ್ಲಿರುತ್ತದೆ. ‘ಈ ಔಷಧವನ್ನು ಹೂ ಬಿಡುವ ಕಾಲದಲ್ಲಿ ನೀರಿನೊಡನೆ ಬೆರೆಸಿ ಗಿಡಗಳಿಗೆ ಸಿಂಪಡಿಸಕೂಡದು’ ಎಂಬ ವಾಕ್ಯವನ್ನು ಅವಸರದಲ್ಲಿ ಓದಿ ಕೊನೆಯ ಪದವನ್ನು ದಾಟಿಬಿಟ್ಟವನು ಮಾಡಬಾರದ ಕೆಲಸವನ್ನೇ ಮಾಡುತ್ತಾನೆ. ಸಾಲಿನ ಮೊದಲರ್ಧ ನೋಡಿ ಮುಂದೆ ಹಾರು ಎಂಬ ಉಪಾಯ ಕನ್ನಡದಲ್ಲಿ ಅಪಾಯದ್ದು. ಕಣ್ಣು ಎಷ್ಟೇ ಬೇಗ ಹಾಯ್ದರೂ ವಾಕ್ಯದ ಕೊನೆಯಲ್ಲಿ ಒಮ್ಮೆ ನಿಲ್ಲಲೇಬೇಕು.

ಕಲಿಯುವ ವಯಸ್ಸಿನ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳು ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಇವುಗಳ ಮೇಲೆ ಹಿಡಿತ ಬರಲು ಹಲವು ವರ್ಷ ಬೇಕು, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲೂ ಆ ಕಲಿಕೆ ನಡೆಯುತ್ತಿರುತ್ತದೆ ಎಂಬುದನ್ನು 2007ರಲ್ಲಿ ಪ್ರಕಟವಾದ ಸೋನಾಲಿ ನಾಗ್ ಅವರ ಅಧ್ಯಯನ ತೋರಿಸಿದೆ. ಒತ್ತಕ್ಷರದ ಮುಂದೆ ಇನ್ನೂ ತಡವರಿಸುವ ಮಗುವಿಗೆ ಬೇಗ ಓದು ಎಂದರೆ ಅದು ಊಹಿಸತೊಡಗುತ್ತದೆ. ಮೊದಲು ಅಕ್ಷರದ ಹಿಡಿತ, ಆಮೇಲೆ ವೇಗ.

ವೇಗಕ್ಕೂ ಒಂದು ಮಿತಿ

ವೇಗದ ಓದನ್ನು ಮಾರುವವರು 20ನೆಯ ಶತಮಾನದ ನಡುವಿನಿಂದಲೇ ಇದ್ದಾರೆ. ಅಮೆರಿಕದ ಎವೆಲಿನ್ ವುಡ್ ಅವರ ತರಗತಿಗಳು 1959ರಲ್ಲಿ ಶುರುವಾಗಿ ಬಹಳ ಹೆಸರು ಮಾಡಿದ್ದವು. ಆದರೆ ಕೀತ್ ರೇನರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ವಿಮರ್ಶೆಯ ತೀರ್ಮಾನ ಸ್ಪಷ್ಟವಾಗಿದೆ: ವೇಗ ಹೆಚ್ಚಿದಷ್ಟೂ ಗ್ರಹಿಕೆ ಕಡಿಮೆಯಾಗುತ್ತದೆ. ಸ್ಥೂಲ ಪರಿಚಯ ಸಾಕಾದಾಗ ಕಣ್ಣು ಹಾಯಿಸುವುದು ಉಪಯುಕ್ತ. ಪೂರ್ತಿ ಅರ್ಥ ಬೇಕಾದಾಗ ಅದರಿಂದ ಆಗದು.

ಹುಡುಕುವ ಓದಿನಲ್ಲೂ ಒಂದು ಮೋಸವಿದೆ. ‘ಗರಿಬ ಮಟ್ಟುವನ್ನು ಜಿಲುಕಿದ’ ಎಂಬ ಅರ್ಥವಿಲ್ಲದ ವಾಕ್ಯವನ್ನು ಕೊಟ್ಟು, ‘ಗರಿಬ ಏನನ್ನು ಜಿಲುಕಿದ?’ ಎಂದು ಕೇಳಿದರೆ ಯಾವ ಮಗುವಾದರೂ ‘ಮಟ್ಟುವನ್ನು’ ಎಂದು ಬರೆದೀತು. ಉತ್ತರ ಸರಿ, ತಿಳಿದದ್ದು ಏನೂ ಇಲ್ಲ. ಪ್ರಶ್ನೆಯ ಪದವನ್ನು ಪಾಠದ ಪದಕ್ಕೆ ಹೊಂದಿಸಿ ಸಾಲನ್ನು ಎತ್ತಿ ಬರೆಯುವುದಷ್ಟೇ ಕಲಿತರೆ ಅಂಕ ಬರಬಹುದು, ಓದು ಬರುವುದಿಲ್ಲ. ಆದ್ದರಿಂದ ‘ಎಲ್ಲಿದೆ?’ ಎಂಬ ಪ್ರಶ್ನೆಯ ಬೆನ್ನಿಗೆ ‘ಹಾಗೆಂದರೇನು? ಹಾಗೇಕೆ?’ ಎಂಬ ಪ್ರಶ್ನೆ ಬರಬೇಕು. ಆಗ ಮಗು ಸಿಕ್ಕಿದ ಸಾಲನ್ನು ಮತ್ತೊಮ್ಮೆ ನಿಧಾನವಾಗಿ ಓದುತ್ತದೆ.

ಇದಕ್ಕೆ ಹೊಸ ಉಪಕರಣಗಳು ಬೇಕಾಗಿಲ್ಲ. ಹಳೆಯ ದಿನಪತ್ರಿಕೆಯ ತಲೆಬರಹ, ಚಿತ್ರ, ಮೊದಲ ಪ್ಯಾರಾ ಇಷ್ಟನ್ನೇ ತೋರಿಸಿ ಸುದ್ದಿ ಯಾವುದರದು ಎಂದು ಕೇಳಬಹುದು; ಆಮೇಲೆ ಪೂರ್ತಿ ಓದಿಸಿ ಊಹೆ ಎಷ್ಟು ಸರಿಯಿತ್ತೆಂದು ನೋಡಬಹುದು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಏಕಾದಶಿ ಎಂದು ಬರುತ್ತದೆ, ಬಸ್ ನಿಲ್ದಾಣದ ಹಲಗೆಯಲ್ಲಿ ಚುಂಚನಕಟ್ಟೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಹುಡುಕಿಸಬಹುದು. ಪಾಠ ಶುರುಮಾಡುವ ಮೊದಲು ಒಂದೆರಡು ನಿಮಿಷ ಸುಮ್ಮನೆ ಪುಟ ತಿರುವಿಸಿ, ‘ಇದರಲ್ಲಿ ಏನಿರಬಹುದು?’ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕಾಗದ ಓದುವವರು ಶಾಲೆಗೆ ಹೋಗುವ ಮಕ್ಕಳೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜಿನ ಚೀಟಿ ಬರುತ್ತದೆ. ಅದರಲ್ಲಿ ತೂಕ ಎಲ್ಲಿ, ದರ ಎಲ್ಲಿ ಎಂದು ನೋಡಬೇಕು. ನಾಡಕಚೇರಿಯಿಂದ ತಂದ ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸಾ, ಎಕರೆ–ಗುಂಟೆ, ಮಾಲೀಕರ ಹೆಸರು, ಋಣ ಎಂದು ಹಲವು ಅಂಕಣಗಳಿರುತ್ತವೆ. ಒಂದು ಕಡೆ ಹೆಸರು ತಪ್ಪಿದ್ದರೂ ತೀರಿಸಿದ ಸಾಲ ಉಳಿದಿದೆಯೆಂದು ನಮೂದಾಗಿದ್ದರೂ ಮುಂದೆ ಅಲೆದಾಟ ತಪ್ಪಿದ್ದಲ್ಲ. ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸುವ ಮಗುವಿಗೆ ಈ ಕಾಗದದಲ್ಲಿ ತನ್ನ ತಂದೆಯ ಹೆಸರನ್ನು ಹುಡುಕಲು ಬಾರದಿದ್ದರೆ ಆ ಮನೆಯವರು ಇನ್ನೊಬ್ಬರಿಗೆ ಹಣ ಕೊಟ್ಟು ಓದಿಸಬೇಕಾಗುತ್ತದೆ. ಓದಿದವರು ಹೇಳಿದ್ದನ್ನು ನಂಬಬೇಕಾಗುತ್ತದೆ. ನಾಲ್ಕನೆಯ ತರಗತಿಯ ಮೇಷ್ಟರು ಕರಿಹಲಗೆಯ ಮೇಲೆ ಉತ್ತರ ಬರೆಯುವುದನ್ನು ಸ್ವಲ್ಪ ತಡಮಾಡಿ, ‘ಎಲ್ಲಿದೆ, ಹುಡುಕಿ’ ಎಂದು ಹೇಳುವುದರಿಂದ ಆಗುವ ಪ್ರಯೋಜನ ಪರೀಕ್ಷೆಯ ಅಂಕಕ್ಕಷ್ಟೇ ಸಂಬಂಧಪಟ್ಟದ್ದಲ್ಲ.